ಅರವತ್ತು ಬ್ಲಾಕ್, ಇಪ್ಪತ್ತನಾಲ್ಕು ಪದ

ಕಳೆದ ವರ್ಷ ಶ್ರಾವಣದ ಮೊದಲ ಸೋಮವಾರ ಬೆಳಿಗ್ಗೆ ಹತ್ತು ಗಂಟೆಗೆ ನಮ್ಮ ವ್ಯಾಲೆಟ್‌ನ ಎರಡನೇ ಆವೃತ್ತಿ ಹೊರಬಂತು. ಅದಾಗಿ ಸುಮಾರು ನಾಲ್ಕು ವಾರಕ್ಕೆ, ಗಣಪತಿ ಹಬ್ಬ ಹತ್ತಿರ ಬಂದಿದ್ದಾಗ, ಒಂದು ಭಾನುವಾರ ಸಂಜೆ ಎಲ್ಲ ಮುಗಿಯಿತು. ನಡುವೆ ಆದದ್ದನ್ನೆಲ್ಲ ದಿನ, ಗಂಟೆ ಹಾಕಿ ಒಂದು ಲ್ಯಾಬ್ ರೆಕಾರ್ಡ್ ಪುಸ್ತಕದಲ್ಲಿ ಬರೆದಿಟ್ಟಿದ್ದೇನೆ. ನಾನು ಓದಿದ್ದು ಎಂ.ಎಸ್ಸಿ. ಕೆಮಿಸ್ಟ್ರಿ. ಕಂಡದ್ದನ್ನು ಬರೆಯದೆ ಬಿಟ್ಟರೆ ನಿದ್ದೆ ಬರುವುದಿಲ್ಲ. ಸಾಫ್ಟ್‌ವೇರ್ ಬರೆಯುವವರು ಒಂದು ಕಡೆ, ಬಳಸುವವರು ಇನ್ನೊಂದು ಕಡೆ ಇರುವ ತನಕ ಇಂಥವು ಆಗುತ್ತಲೇ ಇರುತ್ತವೆ.

ನಮ್ಮ ಆಫೀಸು ವಿಜಯನಗರದಲ್ಲಿ, ಸ್ಟೀಲ್ ಪಾತ್ರೆ ಅಂಗಡಿಯ ಮೇಲೆ, ಎರಡನೇ ಮಹಡಿಯಲ್ಲಿದೆ. ಒಟ್ಟು ಮೂರು ಜನ: ಬಾಸ್, ಕೋಡ್ ಬರೆಯುವ ಪ್ರೋಗ್ರಾಮರ್, ಮತ್ತು ಪರೀಕ್ಷೆ ಮಾಡಿ ಫೋನ್ ಎತ್ತುವ ನಾನು. ಒಂದು ಸಣ್ಣ ಡಿಜಿಟಲ್ ನಾಣ್ಯಕ್ಕೆ ನಾವು ಎರಡು ಸಾಫ್ಟ್‌ವೇರ್ ಮಾಡುತ್ತೇವೆ. ಒಂದು ವ್ಯಾಲೆಟ್, ನಾಣ್ಯ ಇಟ್ಟುಕೊಳ್ಳಲು. ಇನ್ನೊಂದು ನೋಡ್, ಆ ನಾಣ್ಯ ಯಾರಿಂದ ಯಾರಿಗೆ ಹೋಯಿತು ಎಂಬ ಪುಸ್ತಕವನ್ನು ಕಾಯಲು. ಆ ಪುಸ್ತಕಕ್ಕೆ ಎರಡು ನಿಮಿಷಕ್ಕೊಂದರಂತೆ ಹೊಸ ಪುಟ ಸೇರುತ್ತದೆ. ಪುಟಕ್ಕೆ ಬ್ಲಾಕ್ ಎನ್ನುತ್ತಾರೆ. ಬೇರೆ ಬೇರೆ ದೇಶಗಳಲ್ಲಿ ಒಬ್ಬರನ್ನೊಬ್ಬರು ನೋಡದ ಜನ ತಮ್ಮ ಮನೆಯ ಕಂಪ್ಯೂಟರಿನಲ್ಲಿ ನೋಡ್ ನಡೆಸಿ, ಪ್ರತಿ ಪುಟವನ್ನೂ ತಾವೇ ಪರೀಕ್ಷಿಸಿ ಇಟ್ಟುಕೊಳ್ಳುತ್ತಾರೆ. ಮೇಲೆ ಯಜಮಾನ ಇಲ್ಲ. ಆದರೂ ಎಲ್ಲರ ಪುಸ್ತಕವೂ ಒಂದೇ ಇರುತ್ತದೆ. ಕೆಲಸಕ್ಕೆ ಸೇರಿ ಎರಡು ವರ್ಷವಾಯಿತು. ಇದು ನನಗೆ ಇನ್ನೂ ಅಭ್ಯಾಸವಾಗಿಲ್ಲ.

೧. ಸ್ಥಳೀಯ ಕಾರಣ

ಹೊಸ ಆವೃತ್ತಿ ಜೂನ್‌ನಲ್ಲೇ ಸಿದ್ಧವಿತ್ತು. ಬಾಸ್ ಬಿಡಲಿಲ್ಲ. ಆಷಾಢದಲ್ಲಿ ಹೊಸ ಕೆಲಸ ಬೇಡ ಎಂದರು.

"ಸಾರ್, ಸಾಫ್ಟ್‌ವೇರ್‌ಗೆ ಆಷಾಢ ಗೊತ್ತಾಗಲ್ಲ" ಎಂದ ಪ್ರೋಗ್ರಾಮರ್.

"ನನಗೆ ಗೊತ್ತಾಗತ್ತಲ್ಲ" ಎಂದರು ಬಾಸ್.

ಶ್ರಾವಣ ಬಂತು. ಈಗ ಇನ್ನೊಂದು ಪ್ರಶ್ನೆ. ಹೊಸ ಆವೃತ್ತಿಯಲ್ಲಿ ನಾಣ್ಯದ ನಿಯಮಗಳೇ ಬದಲಾಗುತ್ತವೆ. ಇಂಥ ನಂಬರಿನ ಬ್ಲಾಕ್ ಬಂದ ಕ್ಷಣದಿಂದ ಎಲ್ಲ ನೋಡ್‌ಗಳೂ ಹೊಸ ನಿಯಮಕ್ಕೆ ತಿರುಗಬೇಕು. ತಿರುಗದೆ ಉಳಿದವರು ಬೇರೆ ದಾರಿ ಹಿಡಿದಂತೆ. ಇದಕ್ಕೆ ಫೋರ್ಕ್ ಎಂದು ಹೆಸರು. ಜೊತೆಗೆ, ಆ ಬ್ಲಾಕ್ ಬರುವ ಮೊದಲೇ ಹಳೇ ವ್ಯಾಲೆಟ್‌ನಲ್ಲಿದ್ದದ್ದನ್ನು ಹೊಸದಕ್ಕೆ ಸಾಗಿಸಿಕೊಂಡಿರಬೇಕು. ಆಮೇಲೆ ಹಳೆಯದು ಯಾರಿಂದಲೂ, ನಮ್ಮಿಂದಲೂ, ತೆರೆಯದು.

ಬ್ಲಾಕಿಗೆ ಎರಡು ನಿಮಿಷದ ಲೆಕ್ಕದಲ್ಲಿ ನಾನು ಸಮಯ ಅಂದಾಜು ಮಾಡಿಕೊಟ್ಟೆ. ಭಾನುವಾರ ಸಂಜೆ ನಾಲ್ಕು ಮೂವತ್ತೆಂಟು. ಬಾಸ್ ಗೋಡೆಯ ಕ್ಯಾಲೆಂಡರ್ ನೋಡಿದರು.

"ಭಾನುವಾರ ನಾಲ್ಕೂವರೆಯಿಂದ ಆರು ರಾಹುಕಾಲ."

ಇದು ಅಂದಾಜು, ಗಂಟೆಗಟ್ಟಲೆ ಆಚೀಚೆ ಆಗಬಹುದು ಎಂದೆ. ನೆಟ್‌ವರ್ಕ್ ಭೂಮಿಯ ಸುತ್ತ ಇದೆ, ರಾಹುಕಾಲ ಸೂರ್ಯೋದಯದ ಮೇಲೆ ಹೋಗುತ್ತದೆ, ಆದ್ದರಿಂದ ಯಾವ ಕ್ಷಣ ಆರಿಸಿದರೂ ಎಲ್ಲೋ ಒಂದು ಕಡೆ ರಾಹುಕಾಲ ಇದ್ದೇ ಇರುತ್ತದೆ ಎಂದೂ ವಿವರಿಸಿದೆ. ಬೇಕಿದ್ದರೆ ನಕ್ಷೆ ಬರೆದು ತೋರಿಸುತ್ತೇನೆ ಎಂದೆ. ಬಾಸ್ ಒಂದು ಕಾಫಿ ಮುಗಿಯುವ ತನಕ ಯೋಚಿಸಿದರು.

"ಅವರವರ ರಾಹುಕಾಲ ಅವರವರು ನೋಡ್ಕೋತಾರೆ. ನಮ್ಮದು ವಿಜಯನಗರ."

ಅರವತ್ತು ಬ್ಲಾಕ್ ಮುಂದೆ ಹಾಕಿದೆವು. ಎರಡು ಗಂಟೆ. ಆರು ಮೂವತ್ತೆಂಟು.

ನಮ್ಮ ಕೋಡನ್ನು ಯಾರು ಬೇಕಾದರೂ ನೋಡಬಹುದು. ಮಾರನೇ ದಿನವೇ ದೂರದ ದೇಶದ ಒಬ್ಬರು, ಈ ಅರವತ್ತು ಎಲ್ಲಿಂದ ಬಂತು ಎಂದು ಕೇಳಿದರು. ಪ್ರೋಗ್ರಾಮರ್ ನನ್ನ ಮುಖ ನೋಡಿದ, ನಾನು ಬಾಸ್ ಮುಖ ನೋಡಿದೆ. ಬಾಸ್ ತಾವೇ ಕೂತು ಇಂಗ್ಲಿಷಿನಲ್ಲಿ ಉತ್ತರ ಬರೆದರು: ಸ್ಥಳೀಯ ಖಗೋಳ ಪರಿಸ್ಥಿತಿಯ ಕಾರಣ.

ಅರ್ಧ ಗಂಟೆಯಲ್ಲಿ ಆ ಕಡೆಯಿಂದ ಮರುತ್ತರ ಬಂತು. ಇಷ್ಟು ಆಳವಾಗಿ ಯೋಚಿಸಿದ ತಂಡವನ್ನು ತಾವು ಈವರೆಗೆ ಕಂಡಿಲ್ಲವಂತೆ.

೨. ನೂರಾಗದ ನೂರು

ಬಸವೇಶ್ವರನಗರದಲ್ಲಿ ಒಬ್ಬರು ಅಂಕಲ್ ಇದ್ದಾರೆ. ಟೆಲಿಫೋನ್ ಎಕ್ಸ್‌ಚೇಂಜಿನಿಂದ ನಿವೃತ್ತರಾದವರು. ನಮ್ಮ ಆಫೀಸಿನ ಹೊರಗೆ ಮೊದಲು ನೋಡ್ ನಡೆಸಿದವರು ಅವರೇ. ಆರು ವರ್ಷದಿಂದ ಅವರ ಊಟದ ಮನೆಯಲ್ಲಿ, ವಾಟರ್ ಫಿಲ್ಟರ್ ಪಕ್ಕದ ಸ್ಟೂಲಿನ ಮೇಲೆ, ಒಂದು ಕಂಪ್ಯೂಟರ್ ಆಫ್ ಆಗದೆ ನಡೆಯುತ್ತಿದೆ. ಶುರುವಿನಲ್ಲಿ ನೋಡ್ ನಡೆಸಲು ಒಪ್ಪಿದವರಿಗೆ ಬಾಸ್ ಒಂದಷ್ಟು ನಾಣ್ಯ ಕೊಟ್ಟಿದ್ದರು. ಆಗ ಅದಕ್ಕೆ ಒಂದು ಬೈ-ಟು ಕಾಫಿಯೂ ಬರುತ್ತಿರಲಿಲ್ಲ. ಈಗ ಅದರಲ್ಲಿ ಒಂದು ಕೊಠಡಿ ಕಟ್ಟಬಹುದು.

ಕೊಠಡಿಯೇ ಅಂಕಲ್ ಮನಸ್ಸಿನಲ್ಲಿದ್ದದ್ದು. ಅವರ ಹೆಂಡತಿ ಪ್ರೈಮರಿ ಶಾಲೆಯಲ್ಲಿ ಮೂವತ್ತೊಂದು ವರ್ಷ ಪಾಠ ಮಾಡಿದವರು. ರಸ್ತೆಯವರೆಲ್ಲ ಅವರನ್ನು ಮಿಸ್ ಎಂದೇ ಕರೆಯುವುದು, ಒಮ್ಮೊಮ್ಮೆ ಅಂಕಲ್ ಕೂಡ. ಮಿಸ್ ಮನೆಯ ಮೇಲೆ, ತಾರಸಿಯಲ್ಲಿ, ತಗಡಿನ ಶೀಟ್ ಕೆಳಗೆ ಮಕ್ಕಳಿಗೆ ಟ್ಯೂಷನ್ ಮಾಡುತ್ತಾರೆ. ಗೋಡೆಗಳಿಲ್ಲ. ಮಳೆ ಬಂದರೆ ಶೀಟಿನ ಸದ್ದಿಗೆ ಅವರ ಧ್ವನಿ ಕೇಳಿಸುವುದಿಲ್ಲ; ಕ್ಲಾಸ್ ನಿಲ್ಲುತ್ತದೆ. ಮೂವತ್ತೊಂದು ವರ್ಷ ಯಾವ ಗದ್ದಲಕ್ಕೂ ನಿಲ್ಲಿಸದವರು ಮಳೆಗೆ ನಿಲ್ಲಿಸಬೇಕಾಗುತ್ತದೆ ಎಂಬುದು ಅಂಕಲ್ ಸಂಕಟ. ಹೊಸ ಆವೃತ್ತಿ ಬಂದ ಮೇಲೆ ನಾಣ್ಯ ಮಾರಿ, ಗೋಡೆ ಎಬ್ಬಿಸಿ ಆರ್‌ಸಿಸಿ ಹಾಕಿಸುವುದು ಅವರ ಯೋಜನೆ. ನನಗೆ ಹೇಳಿದ್ದರು. ಮಿಸ್‌ಗೆ ಹೇಳಿರಲಿಲ್ಲ.

"ಕಂಬಿ ಕಟ್ಟೋ ದಿನ ಹೇಳ್ತೀನಮ್ಮ" ಎಂದಿದ್ದರು.

ಸೋಮವಾರ ಹತ್ತು ಗಂಟೆಗೆ ಬಿಟ್ಟ ಆವೃತ್ತಿಯನ್ನು ಅವರು ಹತ್ತೂ ಐದಕ್ಕೆ ಹಾಕಿಕೊಂಡರು. ಹೊಸ ಆವೃತ್ತಿ ಮೊದಲ ಬ್ಲಾಕಿನಿಂದ ಇವತ್ತಿನ ತನಕ ಪುಸ್ತಕವನ್ನು ಮತ್ತೆ ಓದುತ್ತದೆ. ಅವರ ಹಳೇ ಕಂಪ್ಯೂಟರಿಗೆ ನಾಲ್ಕು ದಿನ ಬೇಕಾಯಿತು. ಅಂಕಲ್ ಎದುರಿಗೆ ಕುರ್ಚಿ ಹಾಕಿಕೊಂಡು ಕೂತರು. ದಿನಕ್ಕೆರಡು ಸಲ ಫೋನ್ ಮಾಡಿ ಶೇಕಡಾ ಎಷ್ಟಾಯಿತು ಎಂದು ವರದಿ ಕೊಟ್ಟರು. ನಾನು ಬರೆದುಕೊಂಡೆ. ಮೂರನೇ ದಿನ ಕರೆಂಟು ಹೋಯಿತು. ಯುಪಿಎಸ್ ಸಾಲಲಿ ಎಂದು ಫ್ಯಾನ್, ಲೈಟು ಎಲ್ಲ ಆರಿಸಿದ್ದೇನೆ, ಮಿಸ್ ಬೀಸಣಿಗೆ ಹಿಡಿದು ಕೂತಿದ್ದಾರೆ, ಬೈಯುತ್ತಿದ್ದಾರೆ, ನೋಡ್ ಚೆನ್ನಾಗಿದೆ ಎಂದು ತಿಳಿಸಿದರು.

ಆ ವಾರ ಒಂದು ಸಂಜೆ ಅವರ ಮನೆಗೆ ಹೋಗಿದ್ದೆ. ಪರದೆಯ ಮೇಲೆ ಅಂಕಿಗಳು ಓಡುತ್ತಿದ್ದವು. ಅಂಕಲ್ ಹೇಳಿದರು: "ನೋಡಮ್ಮ, ಇದು ಯಾರ ಮಾತೂ ನಂಬಲ್ಲ. ಆರು ವರ್ಷದ್ದು ಒಂದೊಂದು ಪುಟಾನೂ ತಾನೇ ತೆಗೆದು ನೋಡತ್ತೆ. ಎಷ್ಟು ದೊಡ್ಡವನೇ ಸುಳ್ಳು ಬರೆದ್ರೂ ಬಸವೇಶ್ವರನಗರದಲ್ಲಿ ಸಿಕ್ಕಿಹಾಕ್ಕೋತಾನೆ." ಇದನ್ನೇ ನಾನು ಕೈಪಿಡಿಯಲ್ಲಿ ಎರಡು ಪುಟ ಬರೆದಿದ್ದೆ. ಆ ಫಿಲ್ಟರ್ ಪಕ್ಕ ನಿಂತು ಕೇಳಿದಾಗ ಮೈ ಜುಂ ಅಂದಿತು.

ಐದನೇ ದಿನ ಬೆಳಿಗ್ಗೆ ಗಾಬರಿಯಲ್ಲಿ ಫೋನ್ ಮಾಡಿದರು. ತೊಂಬತ್ತೊಂಬತ್ತು ಪಾಯಿಂಟ್ ಒಂಬತ್ತೊಂಬತ್ತಕ್ಕೆ ನಿಂತಿದೆ, ನೂರು ಆಗುತ್ತಿಲ್ಲ. ನಿಂತಿಲ್ಲ ಅಂಕಲ್, ಎರಡು ನಿಮಿಷಕ್ಕೊಂದು ಹೊಸ ಬ್ಲಾಕ್ ಬರುತ್ತಲೇ ಇರುತ್ತದೆ, ಅದಕ್ಕೇ ಕೊನೆಯ ಚೂರು ಉಳಿದಂತೆ ಕಾಣುತ್ತದೆ ಎಂದೆ.

"ಅಂದ್ರೆ ಈ ಕೆಲಸ ಮುಗಿಯೋದೇ ಇಲ್ಲ?"

"ಇಲ್ಲ ಅಂಕಲ್."

ಅವರು ಉಸಿರು ಬಿಟ್ಟದ್ದು ಫೋನಿನಲ್ಲಿ ಕೇಳಿಸಿತು. "ಸದ್ಯ. ಮುಗಿದುಬಿಟ್ರೆ ನಾಳೆಯಿಂದ ಇಡೀ ದಿನ ಮನೇಲಿ ಏನ್ಮಾಡ್ಲಿ ಅಂತ ಯೋಚನೆ ಹತ್ತಿತ್ತು."

೩. ಏಳನೇ ಕಾಲಮ್

ಕೆಳಗಿನ ಪಾತ್ರೆ ಅಂಗಡಿಯವರೂ ನಮ್ಮ ವ್ಯಾಲೆಟ್ ಬಳಸುತ್ತಾರೆ. ಹೊಸ ಆವೃತ್ತಿಯ ಸುದ್ದಿ ಕೇಳಿ ಮೇಲೆ ಬಂದರು.

"ಹಳೇದು ಕೊಟ್ಟು ಹೊಸದು ತಗೊಂಡ್ರೆ ಎಷ್ಟು ಕಡಿಮೆ ಮಾಡ್ತೀರ?"

ಹೊಸದು ಉಚಿತ ಎಂದೆ.

"ಉಚಿತ ಆದ್ರೆ ಹಳೇದು ನಿಮಗ್ಯಾಕೆ ಕೊಡ್ಲಿ?" ಎಂದು ಇಳಿದುಹೋದರು. ಹಳೆಯದನ್ನು ತೆಗೆಯಲು ಅವರನ್ನು ಒಪ್ಪಿಸಲು ಎರಡು ವಾರ ಹಿಡಿಯಿತು.

ಹಳೇ ವ್ಯಾಲೆಟ್‌ನಿಂದ ಹೊಸದಕ್ಕೆ ಸಾಗಿಸುವಾಗ ಸಾಫ್ಟ್‌ವೇರ್ ಒಂದೇ ಒಂದು ಸಲ ಇಪ್ಪತ್ತನಾಲ್ಕು ಪದ ಕೇಳುತ್ತದೆ. ವ್ಯಾಲೆಟ್ ಮೊದಲು ತೆರೆದ ದಿನ ಅದೇ ಕೊಟ್ಟ ಪದಗಳು. ಎಲ್ಲ ಸಾಮಾನ್ಯ ಇಂಗ್ಲಿಷ್ ಪದಗಳೇ, ಮೇಜು ಕುರ್ಚಿ ಥರದವು. ಒಂದಕ್ಕೊಂದು ಸಂಬಂಧ ಇರುವುದಿಲ್ಲ. ಕೊಟ್ಟ ಕ್ರಮದಲ್ಲೇ ಕೊಡಬೇಕು. ಅದೇ ಬೀಗದ ಕೈ. ಪದ ಗೊತ್ತಿದ್ದವರು ವ್ಯಾಲೆಟ್ ಖಾಲಿ ಮಾಡಬಹುದು; ಪದ ಮರೆತವರು ಬಾಗಿಲ ಹೊರಗೇ ನಿಲ್ಲಬೇಕು. ಆದ್ದರಿಂದ ನಮ್ಮ ಗೋಡೆಯ ಮೇಲೆ ದಪ್ಪ ಅಕ್ಷರದಲ್ಲಿ ಬರೆದು ಅಂಟಿಸಿದೆ: ನಿಮ್ಮ ಪದಗಳನ್ನು ಯಾರಿಗೂ ಹೇಳಬೇಡಿ, ಮನೆಯವರಿಗೂ ಹೇಳಬೇಡಿ, ನಮಗಂತೂ ಹೇಳಲೇಬೇಡಿ. ಬರೆದದ್ದು ಬಾಸ್.

ಸಾಗಿಸಿ ಮುಗಿಸಿದವರು ತುಂಬಲಿ ಎಂದು ಬಾಸ್ ಒಂದು ಫಾರ್ಮನ್ನೂ ಮಾಡಿದ್ದರು. ಅದರ ಏಳನೇ ಕಾಲಮ್: ನಿಮ್ಮ ಹಳೇ ಪದಗಳು ಎಷ್ಟು ಜನರಿಗೆ ಗೊತ್ತಿದ್ದವು? ಬರಬೇಕಾದ ಉತ್ತರ ಒಂದು. ಬಹುಪಾಲು ಜನ ಒಂದು ಎಂದೇ ಬರೆದರು. ಕೆಂಗೇರಿಯ ಒಬ್ಬರು ಎರಡು ಎಂದು ಬರೆದು, ಪಕ್ಕದಲ್ಲಿ "ನಾನು ಮತ್ತು ದೇವರು" ಎಂದು ವಿವರಣೆ ಕೊಟ್ಟರು. ಇದನ್ನು ತಿರಸ್ಕರಿಸಬೇಕೇ ಎಂದು ಬಾಸ್‌ನ ಕೇಳಿದೆ. ಎರಡನೆಯವರು ಹೊರಗೆ ಬಿಡುವವರಲ್ಲ, ಇರಲಿ ಎಂದರು. ಚಂದ್ರಾ ಲೇಔಟ್‌ನ ಇನ್ನೊಬ್ಬರು ಸಾಗಿಸಲಾಗದಿದ್ದರೂ ಫಾರ್ಮ್ ತುಂಬಿ, ಸೊನ್ನೆ ಎಂದು ಬರೆದರು.

ಅವರ ಪ್ರಾಮಾಣಿಕತೆ ಮೆಚ್ಚಿ ನಾನೇ ಫೋನ್ ಮಾಡಿ ಸಮಾಧಾನ ಹೇಳಬೇಕಾಯಿತು.

೪. ಹಳೇ ತಾರೀಖು

ಮೂರು ವಾರ ಕಳೆದರೂ ಅಂಕಲ್ ಫಾರ್ಮ್ ಬರಲಿಲ್ಲ. ಮೊದಲು ಬರಬೇಕಾದದ್ದು ಅವರದೇ. ಕೇಳಿದಾಗಲೆಲ್ಲ "ಆಗ್ತಾ ಇದೆ" ಎನ್ನುತ್ತಿದ್ದರು.

ಹೊಸ ನಿಯಮದ ಬ್ಲಾಕ್ ಬರಬೇಕಿದ್ದ ಆ ಭಾನುವಾರ ಮೂವರೂ ಆಫೀಸಿನಲ್ಲಿದ್ದೆವು. ಮಧ್ಯಾಹ್ನ ಮೂರೂವರೆಗೆ ಫೋನ್ ಬಂತು. ಅಂಕಲ್ ಪಿಸುಗುಟ್ಟಿದರು.

"ಸ್ವಲ್ಪ ಮನೆಗೆ ಬರ್ತೀಯೇನಮ್ಮ? ಪದಗಳು ಸಿಗ್ತಾ ಇಲ್ಲ."

ಆಟೋ ಹಿಡಿದು ಹೋದೆ. ಗೇಟಿನಲ್ಲೇ ನಿಂತಿದ್ದರು. ಮೇಲೆ ಮಿಸ್ ಕ್ಲಾಸ್ ನಡೆಯುತ್ತಿತ್ತು, ಸೋಮವಾರ ಶಾಲೆಯಲ್ಲಿ ಟೆಸ್ಟ್ ಅಂತೆ. ಅಂಕಲ್ ನನ್ನನ್ನು ಒಳಗೆ ಕರೆದು ಗೋಡೆಯ ಒಂದು ಮೊಳೆ ತೋರಿಸಿದರು. ಎಲ್ಲರ ಮನೆಯಂತೆ ಅವರ ಮನೆಯಲ್ಲೂ ಹೊಸ ವರ್ಷದ ಕ್ಯಾಲೆಂಡರನ್ನು ಹಳೆಯದರ ಮೇಲೇ ನೇತುಹಾಕುವುದು. ಆರು ವರ್ಷದ ಹಿಂದೆ ಅಂಕಲ್ ಆ ವರ್ಷದ ಕ್ಯಾಲೆಂಡರಿನ ಡಿಸೆಂಬರ್ ಹಾಳೆಯ ಹಿಂಬದಿಯಲ್ಲಿ ಇಪ್ಪತ್ತನಾಲ್ಕು ಪದವನ್ನೂ ನಂಬರ್ ಹಾಕಿ ಬರೆದಿದ್ದರು. ಮೇಲೆ ಏನೆಂದು ತಲೆಬರಹ ಇಲ್ಲ, ಕಳ್ಳನಿಗೆ ಗೊತ್ತಾಗಬಾರದು ಎಂದು. ಅದರ ಮೇಲೆ ವರ್ಷವರ್ಷವೂ ಹೊಸ ಕ್ಯಾಲೆಂಡರ್ ಬಂದು ಇನ್ನಷ್ಟು ಭದ್ರವಾಗುತ್ತದೆ ಎಂಬುದು ಅವರ ಲೆಕ್ಕ. ಲೆಕ್ಕ ಚೆನ್ನಾಗಿತ್ತು. ಈಗ ಮೊಳೆಯಲ್ಲಿ ಎರಡೇ ಕ್ಯಾಲೆಂಡರ್ ಇದ್ದವು, ಈ ವರ್ಷದ್ದು, ಹೋದ ವರ್ಷದ್ದು.

ಮೂರು ವಾರ ಒಬ್ಬರೇ ಹುಡುಕಿದ್ದಾರೆ. ಅಟ್ಟ, ಟ್ರಂಕು, ಹಾಸಿಗೆ ಕೆಳಗೆ.

"ಮಿಸ್‌ನ ಕೇಳಿದ್ರಾ ಅಂಕಲ್?"

"ಹೆಂಗ್ ಕೇಳ್ಲಿ? ಮನೆಯವರಿಗೂ ಹೇಳಬೇಡಿ ಅಂತ ನಿಮ್ಮ ಆಫೀಸಲ್ಲೇ ಬರೆದಿದೆ. ಸುಮ್ನೆ, ಹಳೇ ಕ್ಯಾಲೆಂಡರೆಲ್ಲ ಎಲ್ಲಿ ಅಂದೆ ಅಷ್ಟೆ."

"ಏನಂದ್ರು?"

"ಹಳೇ ತಾರೀಖು ಇಟ್ಕೊಂಡು ಏನ್ಮಾಡ್ತೀರ ಅಂದ್ರು."

ಪ್ರೋಗ್ರಾಮರ್‌ಗೆ ಫೋನ್ ಮಾಡಿ ಎಷ್ಟು ಬ್ಲಾಕ್ ಉಳಿದಿದೆ ಎಂದು ಕೇಳಿದೆ. ಅರವತ್ತಾರು ಎಂದ. ಎರಡು ಗಂಟೆಗಿಂತ ಸ್ವಲ್ಪ ಹೆಚ್ಚು. ಮಿಸ್‌ಗೆ ವಿಷಯ ಹೇಳಿಬಿಡೋಣ ಎಂದೆ. ಅಂಕಲ್ ಒಪ್ಪಲಿಲ್ಲ. ಆರು ವರ್ಷ ಪಾಲಿಸಿದ ನಿಯಮವನ್ನು ಕೊನೆಯ ಎರಡು ಗಂಟೆಗೆ ಮುರಿಯುವುದು ಅವರಿಗೆ ಸರಿ ಕಾಣಲಿಲ್ಲ. ಹಾಗಾದರೆ ಬರೆದವರನ್ನೇ ಕೇಳೋಣ ಎಂದು ಬಾಸ್‌ಗೆ ಫೋನ್ ಮಾಡಿದೆ.

"ಹೆಂಡತಿಗೆ ಹೇಳಬಾರದು ಅಂತ ನಾವೆಲ್ಲಿ ಹೇಳಿದೀವಿ?" ಎಂದರು ಬಾಸ್.

"ನಿಮ್ಮ ತಲೆ ಹಿಂದೆ ಗೋಡೆ ಮೇಲಿದೆ ಸಾರ್" ಎಂದೆ.

ಕುರ್ಚಿ ತಿರುಗಿದ ಸದ್ದು. ಓದಿಕೊಳ್ಳುವ ಗುನುಗು. ಆಮೇಲೆ, ಇದೊಂದು ಸಲಕ್ಕೆ ರಿಯಾಯಿತಿ ಕೊಟ್ಟಿದ್ದೇನೆ ಎಂದರು.

೫. ಡಿಕ್ಟೇಷನ್

ತಾರಸಿಗೆ ಹತ್ತಿದೆವು. ಶೀಟಿನ ಕೆಳಗೆ ಹದಿನಾಲ್ಕು ಮಕ್ಕಳು ಚಾಪೆಯ ಮೇಲೆ ಕೂತು ಗುಣಾಕಾರ ಮಾಡುತ್ತಿದ್ದವು. ಅಂಕಲ್ ಬಾಗಿಲ ಬಳಿಯೇ ನಿಂತು, ಶಾಲೆಗೆ ತಡವಾಗಿ ಬಂದವರಂತೆ ಹೇಳಿದರು: ಆ ಕ್ಯಾಲೆಂಡರ್ ಹಿಂದುಗಡೆ ನಾನೊಂದು ಪಟ್ಟಿ ಬರೆದಿಟ್ಟಿದ್ದೆ.

"ಇಂಗ್ಲಿಷ್ ಪದಗಳದ್ದು ತಾನೆ? ಗೊತ್ತು" ಎಂದರು ಮಿಸ್. "ನೋಟ್‌ಬುಕ್‌ಗೆ ಬೈಂಡ್ ಹಾಕೋಣ ಅಂತ ಹಾಳೆ ಕಿತ್ತಾಗ ಸಿಕ್ತು. ಆ ಹಾಳೆ ಯಾವತ್ತೋ ಹರಿದುಹೋಯ್ತು."

ಅಂಕಲ್ ಬಾಗಿಲ ಚೌಕಟ್ಟು ಹಿಡಿದುಕೊಂಡರು.

"ಪದಗಳು ಇವೆಯಲ್ಲ, ಡಿಕ್ಟೇಷನ್‌ಗೆ ತಗೊಂಡೆ. ಇಪ್ಪತ್ತನಾಲ್ಕು ಪದ, ನೀಟಾಗಿ ನಂಬರ್ ಹಾಕಿ ಬರೆದಿದ್ರಿ. ಟ್ಯೂಷನ್‌ಗೆ ಅಂತ ಇವರು ಒಂದು ಕಡ್ಡಿ ಎತ್ತಿಡಲ್ಲ ಅಂದ್ಕೊಂಡಿದ್ದೆ. ಹೇಳದೆ ಕೇಳದೆ ಇಷ್ಟು ಮಾಡಿದಾರಲ್ಲ ಅಂತ ಸಂತೋಷ ಆಯ್ತು. ಮೂರು ವರ್ಷದಿಂದ ಪ್ರತಿ ಶನಿವಾರ ಅದನ್ನೇ ಕೊಡ್ತಾ ಇದೀನಿ."

ನನಗೆ ನಮ್ಮ ಆಫೀಸಿನ ಗೋಡೆಯ ದಪ್ಪ ಅಕ್ಷರಗಳು ಕಂಡವು. ಅಂಕಲ್‌ಗೆ ಮಾತ್ರ ಕೊಠಡಿಯ ಗೋಡೆಗಳು ಮತ್ತೆ ಕಂಡಿರಬೇಕು.

"ಕ್ರಮದಲ್ಲೇ?" ಎಂದರು.

ಮಿಸ್‌ಗೆ ಬೇಸರವಾಯಿತು. ಅವರು ಮಕ್ಕಳ ಕಡೆ ತಿರುಗಿ "ಹನ್ನೊಂದು" ಎಂದರು. ಹದಿನಾಲ್ಕು ಬಾಯಿಂದ ಒಂದು ಪದ ಬಂತು. "ಏಳು" ಎಂದರು. ಇನ್ನೊಂದು ಪದ. ಮುಂದಿನ ಸಾಲಿನ ಒಬ್ಬ ತಪ್ಪು ಹೇಳಿದ. ಉಳಿದ ಹದಿಮೂರೂ ಅವನ ಕಡೆ ತಿರುಗಿ ಸರಿಯಾದದ್ದನ್ನು ಕಿರುಚಿದವು. ಅವನು ತಿದ್ದಿಕೊಂಡ. ನಮ್ಮ ನೆಟ್‌ವರ್ಕ್ ಮಾಡುವುದೂ ಇದನ್ನೇ, ಇಷ್ಟನ್ನೇ. ಅದನ್ನು ವಿವರಿಸಲು ನಾನು ಬರೆದ ಆ ಎರಡು ಪುಟ ಕೈಪಿಡಿ ದಂಡ ಎನಿಸಿತು.

ಅಂಕಲ್ ಕೆಳಗೆ ಕಂಪ್ಯೂಟರ್ ಎದುರು ಕೂತರು. ಮಕ್ಕಳು ಮೇಲಿನಿಂದ ಒಂದೊಂದೇ ಪದ, ಸ್ಪೆಲಿಂಗ್ ಸಮೇತ, ಕೂಗುವುದೆಂದು ತೀರ್ಮಾನವಾಯಿತು. ಉಳಿದದ್ದು ನನ್ನ ಸಮಸ್ಯೆ. ಗ್ರಾಹಕರ ಪದಗಳನ್ನು ಕೇಳಿಸಿಕೊಳ್ಳುವುದು ನಮ್ಮಲ್ಲಿ ನಿಷಿದ್ಧ. ಇಡೀ ರಸ್ತೆಗೆ ಕೇಳಿಸುತ್ತಿದ್ದರೂ ನನಗೆ ಕೇಳಿಸಬಾರದು. ಮೆಟ್ಟಿಲ ಮೇಲೆ ಗೋಡೆಗೆ ಮುಖ ಮಾಡಿ ಕೂತು, ಎರಡೂ ಕಿವಿಗೆ ಬೆರಳಿಟ್ಟುಕೊಂಡೆ. ಆದರೂ ಕೇಳಿಸಿತು. ಅದಕ್ಕೆ ಮಕ್ಕಳು ಒಂದನೇ ಪದ ಕೂಗಿದಾಗ ನಾನು ಗಟ್ಟಿಯಾಗಿ ಹೈಡ್ರೋಜನ್ ಎಂದೆ. ಎರಡನೆಯದಕ್ಕೆ ಹೀಲಿಯಂ. ಹೀಗೆ ಮೂಲವಸ್ತುಗಳನ್ನು ಒಂದೊಂದಾಗಿ ಹೇಳುತ್ತ ಹೋಗಿ, ಇಪ್ಪತ್ತನಾಲ್ಕಕ್ಕೆ ಕ್ರೋಮಿಯಂ ಎಂದು ನಿಲ್ಲಿಸಿದೆ. ಎರಡೂ ಕಡೆ ಲೆಕ್ಕ ಸರಿಹೋಯಿತು.

ಅಂಕಲ್ ಗುಂಡಿ ಒತ್ತಿದರು. ಪಟ್ಟಿ ಸರಿಯಿಲ್ಲ ಎಂದಿತು ಕಂಪ್ಯೂಟರ್. ಎಲ್ಲೋ ಒಂದು ಪದ ತಪ್ಪಿದರೂ ಅದು ಇಷ್ಟೇ ಹೇಳುತ್ತದೆ. ಯಾವುದು ಎಂದು ಹೇಳುವುದಿಲ್ಲ.

ಇನ್ನೊಂದು ಸಲ ಕೂಗಿಸಿದೆವು. ಅದೇ ಉತ್ತರ. ಪ್ರೋಗ್ರಾಮರ್‌ಗೆ ಮತ್ತೆ ಫೋನ್ ಮಾಡಿದೆ. ಉಳಿದ ಬ್ಲಾಕ್ "ಮೂವತ್ತೈದು" ಎಂದ. ಅಂಕಲ್ ಕೈ ಕೀಬೋರ್ಡಿನಿಂದ ಕೆಳಗೆ ಬಂತು. ಇರಲಿ ಬಿಡಮ್ಮ, ಶೀಟಿಗೆ ಇನ್ನೊಂದು ಪದರ ಥರ್ಮೋಕೋಲ್ ಹಾಕಿಸ್ತೀನಿ ಎಂದರು. ಆ ಧ್ವನಿ ಕೇಳಿ, ಕೆಳಗಿಳಿದು ಬಂದಿದ್ದ ಮಿಸ್‌ಗೆ ಏನೋ ದೊಡ್ಡದೇ ಇದೆ ಎಂದು ಅನುಮಾನ ಬಂತು. ಏನು ಶೀಟು, ಯಾವ ಥರ್ಮೋಕೋಲ್ ಎಂದು ಗಂಡನನ್ನು ಬಿಟ್ಟು ನನ್ನನ್ನು ಕೇಳಿದರು. ನಾನು ಮೂರು ವಾಕ್ಯದಲ್ಲಿ ಹೇಳಿದೆ. ನಾಣ್ಯ, ಪದ, ಕೊಠಡಿ.

"ನನಗೆ ರೂಮಾ?" ಎಂದು ಮಿಸ್ ಅಂಕಲ್‌ನ ನೋಡಿದರು. ಅಂಕಲ್ ಮಾನಿಟರ್ ನೋಡಿದರು.

ಕ್ರಮವಾಗಿ ಹೋಗಬೇಕು ಎಂದುಕೊಂಡು ಕೇಳಿದೆ, ಮಿಸ್, ಪಟ್ಟಿಯಲ್ಲಿ ಏನಾದರೂ ಬದಲಾಯಿಸಿದ್ರಾ? ಮೂವತ್ತೊಂದು ವರ್ಷದ ಸರ್ವೀಸಿನಲ್ಲಿ ಕೊಟ್ಟ ಪಠ್ಯದ ಒಂದು ಅಕ್ಷರ ಬದಲಾಯಿಸಿಲ್ಲ ಎಂದರು. ಆಗ ಮೆಟ್ಟಿಲ ಮೇಲೆ ಇಣುಕುತ್ತಿದ್ದವರಲ್ಲಿ ಎರಡು ಜಡೆಯ ಒಂದು ಹುಡುಗಿ ಕೈ ಎತ್ತಿತು.

"ಮಿಸ್, ನಮ್ಮಕ್ಕ ಬರ್ತಿದ್ದಾಗ ಹತ್ತೊಂಬತ್ತನೇದು ಬೇರೆ ಇತ್ತು ಮಿಸ್."

ನನ್ನ ಲೆಕ್ಕದಲ್ಲಿ ಪೊಟ್ಯಾಸಿಯಂ.

ಮಿಸ್ ಮುಖ ಕೆಂಪಾಯಿತು. ಆಮೇಲೆ ಒಪ್ಪಿಕೊಂಡರು. ಮೊದಲ ವರ್ಷದ ಮಕ್ಕಳಿಗೆ ಇದ್ದಹಾಗೇ ಕೊಟ್ಟಿದ್ದರು. ಹತ್ತೊಂಬತ್ತನೆಯದು ಒಂದು ಬಗೆಯ ಮದ್ಯದ ಹೆಸರು. ಒಬ್ಬ ತಾಯಿ ಬಂದು, ಮಗ ಮನೆಯಲ್ಲಿ ಅದನ್ನು ಹತ್ತು ಸಲ ಬರೆದು ಬಾಯಿಪಾಠ ಮಾಡುತ್ತಿದ್ದಾನೆ, ಇದೆಂಥ ಟ್ಯೂಷನ್ ಎಂದು ಕೇಳಿದ್ದರಂತೆ. ಎರಡನೇ ವರ್ಷದಿಂದ ಮಿಸ್ ಅದನ್ನು ತೆಗೆದು ನೀರು ಎಂಬರ್ಥದ ಪದ ಹಾಕಿದ್ದರು.

ಫೋನಿನಲ್ಲಿ ಎಲ್ಲ ಕೇಳಿಸಿಕೊಳ್ಳುತ್ತಿದ್ದ ಪ್ರೋಗ್ರಾಮರ್ ದೀರ್ಘವಾಗಿ ಉಸಿರೆಳೆದ. "ಗುರು, ಮಿಸ್ ಆವಾಗ್ಲೇ ಫೋರ್ಕ್ ಮಾಡಿದಾರೆ ಕಣೇ. ನಮಗಿಂತ ಎರಡು ವರ್ಷ ಮೊದಲೇ."

ಹಾಗಾದರೆ ಹಳೇ ಪದ ಹೇಳಿ ಮಿಸ್ ಎಂದೆ. ಮಕ್ಕಳ ಎದುರು ಹೇಳುವುದಿಲ್ಲ ಎಂದರು. ಮಕ್ಕಳನ್ನು ಮೇಲೆ ಓಡಿಸಿದೆವು. ನನ್ನ ಎದುರೂ ಹೇಳಲಿಲ್ಲ. ನಾನು ಗೋಡೆಗೆ ತಿರುಗಿದೆ. ಮಿಸ್ ಗಂಡನ ಹತ್ತಿರ ಹೋಗಿ, ಸೆರಗು ಅಡ್ಡ ಹಿಡಿದು, ಕಿವಿಯಲ್ಲಿ ಹೇಳಿದರು. ಅಷ್ಟು ವರ್ಷದ ಸಂಸಾರದಲ್ಲಿ ಹೆಂಡತಿ ಬಾ‍ಯಿಂದ ಆ ಪದ ಕೇಳಿದ್ದು ಅದೇ ಮೊದಲ ಸಲ ಎಂದು ಅಂಕಲ್ ಆಮೇಲೆ ಹೇಳಿದರು. ಪದ ಯಾವುದೆಂದು ಓದುವವರು ಊಹಿಸಿದರೆ ಅಡ್ಡಿಯಿಲ್ಲ. ಆ ವ್ಯಾಲೆಟ್ ಈಗ ಖಾಲಿ.

ಬೀಗ ತೆರೆಯಿತು. ಅಂಕಲ್ ಹೊಸ ವ್ಯಾಲೆಟ್‌ಗೆ ಎಲ್ಲವನ್ನೂ ಸಾಗಿಸಿದರು. ಐದು ಐವತ್ತಾರಕ್ಕೆ ಅದು ಪುಸ್ತಕದಲ್ಲಿ ದಾಖಲಾಯಿತು. ಉಳಿದಿದ್ದದ್ದು ಇಪ್ಪತ್ತೊಂದು ಬ್ಲಾಕ್. ಮೊದಲು ಇಟ್ಟ ನಂಬರನ್ನೇ ಇಟ್ಟಿದ್ದರೆ ಮೂವತ್ತೊಂಬತ್ತು ಬ್ಲಾಕ್ ತಡವಾಗುತ್ತಿತ್ತು. ಬಾಸ್‌ಗೆ ಇದನ್ನು ಹೇಳಿದೆ. ರಾಹುಕಾಲದ ಬಗ್ಗೆ ನಾನು ಕೊಟ್ಟ ವಿವರಣೆಯನ್ನು ವಾಪಸ್ ತೆಗೆದುಕೊಳ್ಳುತ್ತೇನೆ ಎಂದೂ ಹೇಳಿದೆ.

"ದಾಖಲಾಗಿದ್ದು ಎಷ್ಟು ಗಂಟೆಗೆ?" ಎಂದರು.

"ಐದು ಐವತ್ತಾರು."

"ರಾಹುಕಾಲದಲ್ಲೇ?"

"ಹೌದು ಸಾರ್."

ಬಾಸ್ ಯೋಚಿಸಿದರು. "ಬಸವೇಶ್ವರನಗರದಲ್ಲಿ ತಾನೆ ಆಗಿದ್ದು" ಎಂದರು.

ಆರು ಮೂವತ್ತೆಂಟು ಎಂದು ಒಂದು ತಿಂಗಳ ಹಿಂದೆ ಕಾಗದದ ಮೇಲೆ ಅಂದಾಜು ಮಾಡಿದ ಬ್ಲಾಕ್ ಆರು ಮೂವತ್ತೊಂಬತ್ತಕ್ಕೆ ಬಂತು. ಅಂಕಲ್, ಮಿಸ್, ನಾನು ಮೂವರೂ ಸ್ಟೂಲಿನ ಮುಂದೆ ನಿಂತಿದ್ದೆವು. ಪರದೆಯಲ್ಲಿ ಒಂದು ಅಂಕಿ ಬದಲಾಯಿತು, ಅಷ್ಟೆ. ಅದೇ ಹೊತ್ತಿಗೆ ಎಲ್ಲೆಲ್ಲೋ ಬೆಳಗಾಗುತ್ತಿದ್ದ, ಕತ್ತಲಾಗಿದ್ದ ಊರುಗಳಲ್ಲಿ, ಯಾರೂ ಯಾರಿಗೂ ಹೇಳದೆ, ಎಲ್ಲ ನೋಡ್‌ಗಳೂ ಹೊಸ ನಿಯಮಕ್ಕೆ ತಿರುಗಿದವು. ಅಂಕಲ್ ಕಂಪ್ಯೂಟರಿಗೆ ಕೈ ಮುಗಿದರು. ಮಿಸ್ ತಾರಸಿ ಕಡೆ ಕೈ ತೋರಿಸಿ, ಮುಗಿಯುವುದಾದರೆ ಆ ಕಡೆ ಮುಗಿಯಿರಿ ಎಂದರು.

ಹೊಸ ವ್ಯಾಲೆಟ್ ಹೊಸ ಇಪ್ಪತ್ತನಾಲ್ಕು ಪದ ಕೊಟ್ಟಿತ್ತು. ಈ ಸಲ ಅಂಕಲ್ ಪಟ್ಟಿಯನ್ನು ಬಚ್ಚಿಡಲಿಲ್ಲ. ಮಿಸ್ ಕೈಗೇ ಕೊಟ್ಟರು. ಮಿಸ್ ಕನ್ನಡಕ ಹಾಕಿಕೊಂಡು ಮೇಲಿಂದ ಕೆಳಗೆ ಓದಿ, ಇದು ಮೊದಲಿನದಕ್ಕಿಂತ ಸುಲಭ ಇದೆ, ನಾಲ್ಕನೇ ಕ್ಲಾಸಿಗೆ ಸರಿಹೋಗುತ್ತಿತ್ತು ಎಂದು ಬೀರುವಿನಲ್ಲಿಟ್ಟು ಬೀಗ ಹಾಕಿದರು.

ಉಳಿದದ್ದು ಫಾರ್ಮ್. ಅಂಕಲ್ ಆರು ಕಾಲಮ್ ತುಂಬಿ ಏಳನೆಯದಕ್ಕೆ ನಿಂತರು. ಇದಕ್ಕೆ ಅಂದಾಜು ಬೇಡ ಎಂದೆ. ಮಿಸ್ ಮೂರು ವರ್ಷದ ಹಾಜರಿ ಪುಸ್ತಕ ತಂದರು. ಇಪ್ಪತ್ತಮೂರು ಪದ ಮತ್ತು ನೀರು ಕಲಿತವರನ್ನೂ ಬಿಡದೆ, ಒಂದೊಂದು ಹೆಸರಿಗೂ ಟಿಕ್ ಹಾಕಿ ಎಣಿಸಿದೆವು. ಮಕ್ಕಳು ನಲವತ್ತೊಂದು. ಜೊತೆಗೆ ಮಿಸ್ ಒಬ್ಬರು. ಹಿಂದಿನ ಮನೆಯ ಅಜ್ಜಿಯನ್ನೂ ಸೇರಿಸಬೇಕು ಎಂದರು ಮಿಸ್. ಶನಿವಾರ ಬಟ್ಟೆ ಒಣಗಿಸುತ್ತ ಕೇಳಿ ಕೇಳಿ ಅವರಿಗೂ ಪೂರ್ತಿ ಬರುತ್ತದಂತೆ. ಇಷ್ಟೂ ಜನರಲ್ಲಿ ಯಾರೊಬ್ಬರಿಗೂ ತಮ್ಮ ಬಾಯಲ್ಲಿರುವುದು ಏನೆಂದು ಗೊತ್ತಿರಲಿಲ್ಲ. ಮೂರು ವರ್ಷದಲ್ಲಿ ಒಂದು ನಾಣ್ಯ ಅಲುಗಿರಲಿಲ್ಲ. ಕೊನೆಗೆ ಅಂಕಲ್‌ನ ಕೇಳಿದೆ, ನಿಮಗೆ ಎಷ್ಟು ನೆನಪಿದೆ? ಅವರು ಪ್ರಾಮಾಣಿಕವಾಗಿ ಯೋಚಿಸಿ, ಒಂದೂ ಇಲ್ಲ ಎಂದರು. ಅವರನ್ನು ಲೆಕ್ಕಕ್ಕೆ ಹಿಡಿಯಲಿಲ್ಲ.

ಏಳನೇ ಕಾಲಮಿನಲ್ಲಿ ಬರೆದ ಸಂಖ್ಯೆ: ನಲವತ್ತಮೂರು.